ಸೆತ್ತಿಮಿಯೊನ ಆರು ಬಾಟಲಿ

ಕಾಸ್ತೆಲ್‌ಪ್ರೂನೊ ಊರಿನ ಬಾರಿನಲ್ಲಿ ಬೆಳಗ್ಗೆ ಏಳು ಗಂಟೆಗೆ ಕೇಳಬಾರದ ಪ್ರಶ್ನೆಗಳು ಎರಡಿವೆ. ಒಂದು, ನಿಮ್ಮ ಸೊಸೆ ಹೇಗಿದ್ದಾಳೆ ಎನ್ನುವುದು. ಇನ್ನೊಂದು, ಲಾಕ್ರಿಮಾ ವೈನಿನ ಜೊತೆಗೆ ಏನು ಉಂಡರೆ ಚೆನ್ನ ಎನ್ನುವುದು. ಮೊದಲನೆಯದನ್ನು ಕೇಳಿದವನಿಗೆ ಮಧ್ಯಾಹ್ನದ ಹೊತ್ತಿಗಾದರೂ ಬಿಡುಗಡೆ ಸಿಗುತ್ತದೆ. ಸ್ಕೂಲ್ ಬಸ್ಸಿನ ಡ್ರೈವರ್ ಸೆತ್ತಿಮಿಯೊ, ನವೆಂಬರಿನಲ್ಲಿ ಹೊಸ ವೈನಿನ ರುಚಿ ನೋಡುವ ಸಂತ ಮಾರ್ತಿನನ ಹಬ್ಬದ ದಿನ, ಎರಡನೆಯದನ್ನು ಕೇಳಿಬಿಟ್ಟ.

ಪಾಪ, ಅವನಿಗೂ ಬೇರೆ ದಾರಿ ಇರಲಿಲ್ಲ. ಹಿಂದಿನ ಸಂಜೆ ಅಂಕೋನಾದಿಂದ ಒರ್ನೆಲ್ಲಾ ಫೋನು ಮಾಡಿದ್ದಳು. ಒರ್ನೆಲ್ಲಾ ಬಂದರಿನ ಹತ್ತಿರ ಗುಂಡಿ, ದಾರ, ಲೇಸು ಮಾರುವ ಅಂಗಡಿ ಇಟ್ಟವಳು. ಎರಡು ವರ್ಷದ ಕೆಳಗೆ ಕೋಟಿನ ಒಂದು ಗುಂಡಿ ಬಿದ್ದುಹೋಗಿ ಅವಳ ಅಂಗಡಿ ಮೆಟ್ಟಿಲು ಹತ್ತಿದ ಸೆತ್ತಿಮಿಯೊ, ಆಮೇಲೆ ಉಳಿದ ಗುಂಡಿಗಳನ್ನು ವಾರಕ್ಕೊಂದರಂತೆ ತಾನೇ ಕಿತ್ತುಕೊಂಡು ಹೋಗುತ್ತಿದ್ದ. ಕೋಟಿನ ಗುಂಡಿಗಳು ಮುಗಿದ ಮೇಲೆ ಅಂಗಿಯದು ಶುರುವಾಯಿತು. ಅಂಗಿಯದೂ ಮುಗಿಯುತ್ತ ಬಂದಾಗ, ಇನ್ನು ಇವನು ಮರ್ಯಾದೆಯಾಗಿ ಬಟ್ಟೆ ಹಾಕಿಕೊಂಡು ಓಡಾಡಬೇಕಾದರೆ ಮದುವೆಯಾಗುವುದೇ ವಾಸಿ ಎಂದು ಒರ್ನೆಲ್ಲಾ ತೀರ್ಮಾನಿಸಿದಳು. ಅವನಿಗೆ ನಲವತ್ತಾರು, ಅವಳಿಗೆ ನಲವತ್ತೊಂದು. ಅಡ್ಡಿ ಇದ್ದದ್ದು ಒಂದೇ, ಅವಳ ಅಪ್ಪ. ಮೀನುದೋಣಿಯ ಕ್ಯಾಪ್ಟನ್ ಆಗಿ ನಿವೃತ್ತರಾದ ಒಲಿಂದೊ ಅವರು ಅಂದಿನಿಂದ ಹೂಂ ಎಂದಿರಲಿಲ್ಲ, ಊಹೂಂ ಎಂದೂ ಅಂದಿರಲಿಲ್ಲ.

“ಅಪ್ಪ ನಾಳೆ ಒಂದು ಗಂಟೆಗೆ ಊಟಕ್ಕೆ ಬರ್ತಾರಂತೆ,” ಎಂದಿದ್ದಳು ಒರ್ನೆಲ್ಲಾ. “ಒಂದೇ ಒಂದು ಪದಾರ್ಥ ಇದ್ರೆ ಸಾಕಂತೆ. ಆದ್ರೆ ಅದು ನಿನ್ನ ಹೊಸ ಲಾಕ್ರಿಮಾಕ್ಕೆ ಸರಿಯಾಗಿ ಒಪ್ಪಬೇಕಂತೆ. ತನ್ನ ವೈನಿಗೇ ಜೋಡಿ ಹುಡುಕೋಕೆ ಬರದವನು ನನ್ನ ಮಗಳಿಗೇನು ಜೋಡಿಯಾಗ್ತಾನೆ ಅಂತಿದಾರೆ.”

“ಆಯ್ತು,” ಎಂದಿದ್ದ ಸೆತ್ತಿಮಿಯೊ.

“ಒಪ್ಪಿದ್ರೆ ವಸಂತದಲ್ಲಿ ಮದುವೆ. ಇಲ್ದಿದ್ರೆ ಅವರು ಮುಖ ಊದಿಸ್ಕೊಂಡು ಕೂತ್ರೆ ನಾನು ಬಿಟ್ಟು ಬರೋಕಾಗಲ್ಲ, ಗೊತ್ತಲ್ಲ?”

“ಆಯ್ತು.”

“ಎಲ್ಲದಕ್ಕೂ ಆಯ್ತು ಅಂತೀಯಲ್ಲ, ನಿಂಗೆ ಅಡುಗೆ ಬರುತ್ತಾ?”

“ಮೊಟ್ಟೆ ಬೇಯಿಸ್ತೀನಿ.”

ಆ ಕಡೆ ಒಂದು ನಿಟ್ಟುಸಿರು ಕೇಳಿಸಿ ಫೋನು ಕಟ್ಟಾಯಿತು.

ಸೆತ್ತಿಮಿಯೊನ ಬಾಯಲ್ಲಿ ಹುಟ್ಟಿದಾಗಿನಿಂದ ‘ಇಲ್ಲ’ ಎನ್ನುವ ಮಾತು ಬಂದದ್ದಿಲ್ಲ. ಅವನ ಸ್ಕೂಲ್ ಬಸ್ಸು ಮಕ್ಕಳನ್ನು ಇಳಿಸಿ ಬರುವಾಗ ಒಬ್ಬರ ಗೊಬ್ಬರದ ಚೀಲ, ಇನ್ನೊಬ್ಬರ ಹೊಲಿಗೆ ಯಂತ್ರ, ಒಂದು ಸಲ ಗಬ್ಬದ ಹಂದಿಯನ್ನೂ ಹೊತ್ತು ತಂದದ್ದುಂಟು. ಊರಿಗೆ ಉಪಕಾರಿ ಮನೆಗೆ ಮಾರಿ ಎಂದು ಅವನ ತಾಯಿ ಸಾಯುವ ತನಕ ಬೈದಳು. ಅವಳು ಬೈದಾಗಲೂ ಅವನು “ಆಯ್ತಮ್ಮ” ಎಂದೇ ಅಂದ.

ಇನ್ನು ಆ ವೈನಿನ ವಿಷಯ. ಲಾಕ್ರಿಮಾ ದ್ರಾಕ್ಷಿಯ ಸಿಪ್ಪೆ ಬಹಳ ತೆಳು, ಹತ್ತಿರ ನಿಂತು ಗಟ್ಟಿಯಾಗಿ ಬೈದರೂ ಒಡೆಯುತ್ತದೆ ಎಂದು ನಮ್ಮ ಗುಡ್ಡದ ಕಡೆ ತಮಾಷೆ ಮಾಡುತ್ತಾರೆ. ಆ ವರ್ಷ ಸೆಪ್ಟೆಂಬರಿನಲ್ಲಿ ಹಗಲೂ ರಾತ್ರಿ ಮಳೆ ಹೊಡೆದು ಗುಡ್ಡದ ದ್ರಾಕ್ಷಿಯೆಲ್ಲ ಗಿಡದಲ್ಲೇ ಒಡೆದು ಕೊಳೆಯಿತು. ಬುದ್ಧಿವಂತರೆಲ್ಲ ಆಗಸ್ಟಿನಲ್ಲೇ ಗೊಂಚಲಿಗೆ ಬಿಸಿಲು ಬೀಳಲೆಂದು ಎಲೆ ಕಿತ್ತಿದ್ದರು. ಸೆತ್ತಿಮಿಯೊ ಮಾತ್ರ ನಾಳೆ ಕಿತ್ತರಾಯಿತು ಎಂದುಕೊಂಡು ಉಳಿದಿದ್ದ. ಸ್ಮಶಾನದ ಗೋಡೆ ಮಗ್ಗುಲಿನ ಅವನ ಅರ್ಧ ಸಾಲು ಮಾತ್ರ ಆ ಎಲೆಗಳ ಮರೆಯಲ್ಲಿ ಬಚಾವಾಯಿತು. ಸೋಮಾರಿಗೆ ದೇವರೇ ಕೊಡೆ ಹಿಡಿದ ಎಂದು ಊರು ಹೊಟ್ಟೆ ಉರಿದುಕೊಂಡಿತು. ಹೀಗೆ ಇಡೀ ಗುಡ್ಡದಲ್ಲಿ ಆ ವರ್ಷ ಹುಟ್ಟಿದ ಲಾಕ್ರಿಮಾ ಒಟ್ಟು ಆರು ಬಾಟಲಿ, ಆ ಆರೂ ಇದ್ದದ್ದು ಸೆತ್ತಿಮಿಯೊನ ಅಡುಗೆಮನೆಯ ಕಪಾಟಿನಲ್ಲಿ.

ಇದು ಊರಿಗೆಲ್ಲ ಗೊತ್ತಿತ್ತು. ಇದು ಊರಿಗೆಲ್ಲ ಗೊತ್ತಿದೆ ಎನ್ನುವುದು ಮಾತ್ರ ಸೆತ್ತಿಮಿಯೊನಿಗೆ ಗೊತ್ತಿರಲಿಲ್ಲ. ಆದ್ದರಿಂದಲೇ ಬಾರಿನಲ್ಲಿ ಕಾಫಿ ಕುಡಿಯುತ್ತ, “ಇವತ್ತು ಒರ್ನೆಲ್ಲಾಳ ಅಪ್ಪ ಊಟಕ್ಕೆ ಬರ್ತಿದಾರೆ. ಲಾಕ್ರಿಮಾ ಜೊತೆಗೆ ಏನು ಮಾಡಿದ್ರೆ ಚೆನ್ನಾಗಿರುತ್ತೆ?” ಎಂದು ಬಾಯಿ ಬಿಟ್ಟ. ಬಾರಿನಲ್ಲಿದ್ದವರು ಒಬ್ಬೊಬ್ಬರೇ ಕಾಫಿ ಅರ್ಧಕ್ಕೆ ಬಿಟ್ಟು, ಏನೋ ನೆನಪಾದವರಂತೆ ಮನೆಗೆ ಹೊರಟರು.

ಏಳೂ ಮುಕ್ಕಾಲಿಗೆ ಪಕ್ಕದ ಮನೆಯ ದೆರ್ನಕ್ಕ ಬಂದಳು. ಗಂಡ ಸತ್ತ ಮೇಲೆ ಅಡುಗೆಯನ್ನು ಯಾರ ಮೇಲೆ ಪ್ರಯೋಗ ಮಾಡುವುದೆಂದು ತಿಳಿಯದೆ ದಿನಾ ಸಂಜೆ ಕಿಟಕಿಯಿಂದ ಸೆತ್ತಿಮಿಯೊನಿಗೆ ಒಂದು ಪಾತ್ರೆ ಸೂಪು ದಾಟಿಸುವ ಪುಣ್ಯವಂತೆ. ಈಗ ಅವಳ ಎರಡೂ ಕೈಯಲ್ಲಿ ತೊಟ್ಟಿಲಿನಷ್ಟು ದೊಡ್ಡ ತಟ್ಟೆ. ಅದರಲ್ಲಿ ಹಿಟ್ಟಿನ ಹಾಳೆ, ಕೋಳಿಯ ಈಲಿ, ಹಾಲಿನ ಗೊಜ್ಜು, ಚೀಸು, ಮತ್ತೆ ಹಾಳೆ, ಹೀಗೆ ಹನ್ನೆರಡು ಪದರದ ವಿಂಚಿಸ್‌ಗ್ರಾಸಿ.

“ಹಬ್ಬಕ್ಕೆ ಅಂತ ಮಾಡಿದ್ದೆ, ನಿನ್ನ ಮಾವನ ಯೋಗ,” ಎಂದಳು. “ಲಾಕ್ರಿಮಾ ಘಮಕ್ಕೆ ಎದುರು ನಿಲ್ಲೋದು ಇದೊಂದೇ ಕಣೋ. ಬೇರೆ ಏನಿಟ್ರೂ ಗುಲಾಬಿ ತೋಟಕ್ಕೆ ಕತ್ತೆ ಬಿಟ್ಟ ಹಾಗೆ.”

“ಆಯ್ತು ದೆರ್ನಕ್ಕ.”

“ಆಯ್ತು ಅಂದ್ರೆ ಹೇಗಾಯ್ತು? ರುಚಿ ನೋಡಿ ಹೇಳ್ಬೇಡ್ವಾ? ಒಂದು ಬಾಟ್ಲಿ ತೆಗಿ.”

ಕೊಡಲಾರೆ ಎನ್ನಲು ಸೆತ್ತಿಮಿಯೊ ಬಾಯಿ ತೆರೆದ. ಬಂದದ್ದು ‘ಆಯ್ತು.’ ಬಾಟಲಿ ತೆಗೆದೊಡನೆ ಗುಲಾಬಿ, ನೇರಳೆ ಹೂವಿನ ಪರಿಮಳ ಅಡುಗೆಮನೆಯನ್ನೆಲ್ಲ ತುಂಬಿತು. ದೆರ್ನಕ್ಕ ಕಣ್ಣು ಮುಚ್ಚಿ, ಎದೆ ಮುಟ್ಟಿಕೊಂಡು, ಎರಡು ಲೋಟ ಮುಂದಿಟ್ಟಳು. ನಮ್ಮಲ್ಲಿ ನೀರಿನಲ್ಲಿ ತೊಳೆದ ಲೋಟಕ್ಕೆ ನೇರವಾಗಿ ವೈನ್ ಸುರಿಯುವುದಿಲ್ಲ. ಮೊದಲು ಒಂದಿಷ್ಟು ವೈನನ್ನೇ ಹಾಕಿ, ಸುತ್ತ ತಿರುಗಿಸಿ, ಲೋಟಕ್ಕೆ ಅದರ ವಾಸನೆ ಹಿಡಿಸಿ, ಆ ವೈನನ್ನು ಚೆಲ್ಲಬೇಕು. ದೆರ್ನಕ್ಕ ಶಾಸ್ತ್ರಕ್ಕೆ ಕಡಿಮೆ ಮಾಡಲಿಲ್ಲ. ಎರಡು ಲೋಟಕ್ಕೂ ಧಾರಾಳವಾಗಿ ಸುರಿದು ತಿರುಗಿಸಿದಳು. ಚೆಲ್ಲುವ ಹೊತ್ತಿಗೆ ದೇವರು ಕೊಟ್ಟ ವಸ್ತು ಎಂದು ಕುಡಿದಳು. ಆಮೇಲೆ ರುಚಿಗೆ ಒಂದು ಲೋಟ, ಖಾತ್ರಿಗೆ ಒಂದು ಲೋಟ. ಉಳಿದದ್ದನ್ನು ತಟ್ಟೆ ಒಣಗಿದೆಯೆಂದು ಪದರಗಳ ಮೇಲೆ ಹುಯ್ದಳು.

ಅಲ್ಲಿಗೆ ಒಂದು ಬಾಟಲಿ ಮುಗಿಯಿತು.

ಎಂಟೂವರೆಗೆ ಕಸಾಯಿ ಅಂಗಡಿಯ ಕ್ವಿಂತೊ ಬಾಗಿಲನ್ನು ಕಾಲಿನಿಂದಲೇ ತಳ್ಳಿಕೊಂಡು ಒಳಬಂದ. ಕೈಯಲ್ಲಿ ಕಾಡು ಸೋಂಪು, ಬೆಳ್ಳುಳ್ಳಿ ತುಂಬಿ ಸುಟ್ಟ ಇಡೀ ಮೊಲ. ದೆರ್ನಕ್ಕನನ್ನು ಕಂಡವನೇ ನಿಂತ. ಅವಳ ವಿಂಚಿಸ್‌ಗ್ರಾಸಿಯ ಕಡೆ, ಸತ್ತವರ ಮನೆಯಲ್ಲಿ ಹೆಣ ನೋಡುವ ಹಾಗೆ, ಟೋಪಿ ತೆಗೆದು ನೋಡಿದ.

“ಪಾಪ, ಹಾಲಿನ ಗೊಜ್ಜು ಹಾಕಿದ್ದೀಯ ದೆರ್ನಾ,” ಎಂದ. “ಲಾಕ್ರಿಮಾಕ್ಕೆ ಹಾಲು! ಸೆತ್ತಿಮಿಯೊ, ನಿನ್ನ ಮದುವೆ ಆಗ್ಬಾರ್ದು ಅಂತ ಈಯಮ್ಮನಿಗೆ ಆಸೆ ಇದೆ ಕಣಯ್ಯ. ಮೊಲ ಇಡು ಮೊಲ! ತೆಗಿ ಬಾಟ್ಲಿ.”

“ಆಗ್ಲೇ ಒಂದು ತೆಗೆದಿದ್ದೆ…” ಎಂದು ಸೆತ್ತಿಮಿಯೊ ತೊದಲಿದ.

“ಅದು ಹಾಲಿನ ಗೊಜ್ಜು ನೋಡಿದ ಬಾಟ್ಲಿ. ಅದರ ಶೀಲ ಕೆಟ್ಟಿದೆ.”

ಎರಡನೆಯ ಬಾಟಲಿ ತೆಗೆದದ್ದಾಯಿತು. ಮತ್ತೆ ಲೋಟಗಳಿಗೆ ವಾಸನೆ ಹಿಡಿಸುವ ಶಾಸ್ತ್ರ. ಮತ್ತೆ ಅದನ್ನು ಚೆಲ್ಲದೆ ಇರುವ ಶಾಸ್ತ್ರ. ಕ್ವಿಂತೊ ಅರ್ಧ ಬಾಟಲಿಯನ್ನು ಮೊಲಕ್ಕೆ ಕುಡಿಸಿ, ಉಳಿದರ್ಧವನ್ನು ತಾನು ಕುಡಿದು, “ಹೇಗೆ?” ಎಂದು ದೆರ್ನಕ್ಕನನ್ನು ಕೇಳಿದ.

“ನಾನು ಬರೀ ಬಾಯಲ್ಲಿ ಹೇಗೆ ಹೇಳ್ಲಿ? ಮೊಲಾನೂ ತಿಂದು ವೈನೂ ಕುಡಿದ್ರೆ ತಾನೆ ನ್ಯಾಯ? ನೀನೂ ನಂದು ತಿಂದು ಕುಡಿ. ಆಮೇಲೆ ದೇವರು ಮೆಚ್ಚೋ ಹಾಗೆ ಹೇಳೋಣ.”

ಇಬ್ಬರೂ ನ್ಯಾಯವಂತರೇ. ಆ ನ್ಯಾಯಕ್ಕೆ ಮೂರನೆಯ ಬಾಟಲಿ ಹೋಯಿತು. ತೀರ್ಪು ಮಾತ್ರ ಬರಲಿಲ್ಲ, ಕೂಗಾಟ ಬಂತು. ದೆರ್ನಕ್ಕ ಸೌಟು ಎತ್ತಿದಳು. ಕ್ವಿಂತೊ ಮೊಲವನ್ನು ಕಂಕುಳಲ್ಲಿ ಇಟ್ಟುಕೊಂಡು ಮೇಜಿನ ಸುತ್ತ ಓಡಿದ.

ಇವರ ಜಗಳ ಬಿಡಿಸಲು ಸೆತ್ತಿಮಿಯೊ ಪಾದ್ರಿ ದೋನ್ ಈವೊ ಅವರನ್ನು ಕರೆತಂದ. ಬೆಂಕಿ ಆರಿಸಲು ಎಣ್ಣೆ ತಂದ ಹಾಗಾಯಿತು. ದೋನ್ ಈವೊ ಬಂದದ್ದು ಬರಿಗೈಲಲ್ಲ. ಅವರ ತೋಳಿನ ಮೇಲೆ ಮುಚ್ಚಿದ ಮಣ್ಣಿನ ಪಾತ್ರೆ, ಅದರೊಳಗೆ ನಾಲ್ಕು ದಿನ ನೆನೆಸಿ, ಆಲೂಗಡ್ಡೆ ಟೊಮೇಟೊ ಹಾಕಿ ಮೂರು ಗಂಟೆ ಬೇಯಿಸಿದ ಒಣಮೀನು.

“ಮೀನಾ?” ಎಂದು ದೆರ್ನಕ್ಕ, ಕ್ವಿಂತೊ ಇಬ್ಬರೂ ಒಂದೇ ಉಸಿರಿನಲ್ಲಿ ಕಿರುಚಿದರು. ಬೆಳಗಿನಿಂದ ಅವರಿಬ್ಬರೂ ಒಪ್ಪಿದ ಮೊದಲ ಮಾತು ಅದು.

“ಮಕ್ಕಳೇ, ಸಮಾಧಾನ,” ಎಂದರು ದೋನ್ ಈವೊ. “ಬರೋರು ಯಾರು? ಸಮುದ್ರದ ಮನುಷ್ಯ. ಅಂಕೋನಾದವರಿಗೆ ಒಣಮೀನು ಅಂದ್ರೆ ತಾಯಿ ಇದ್ದ ಹಾಗೆ. ಕೆಂಪು ವೈನಿಗೆ ಮೀನು ಆಗಲ್ಲ ಅನ್ನೋದು ಬೇರೆ ದ್ರಾಕ್ಷಿಯ ಮಾತು. ಲಾಕ್ರಿಮಾ ಕ್ಷಮಾಗುಣ ಇರೋ ವೈನ್, ಎಲ್ಲರನ್ನೂ ಒಪ್ಪುತ್ತೆ. ಸೆತ್ತಿಮಿಯೊ ಮಗು, ಒಂದು ಬಾಟ್ಲಿ…”

“ಆಯ್ತು ಫಾದರ್.”

ನಾಲ್ಕನೆಯದೂ ಹೋಯಿತು. ದೇವರು ವರ ಕೊಟ್ಟರೂ ಪೂಜಾರಿ ಬಿಡ ಎನ್ನುವುದು ಯಾವ ಧರ್ಮದಲ್ಲೂ ಸುಳ್ಳಾಗಿಲ್ಲ.

ಹನ್ನೊಂದು ಗಂಟೆಯ ಪೂಜೆಗೆ ಇಗರ್ಜಿಯ ಗಂಟೆ ಬಾರಿಸಿತು. ಮೂವರೂ ಎದ್ದು, ಬರುತ್ತೇವೆ ಎಂದು ಬೆದರಿಸಿಯೇ ಹೋದರು. ಮನೆ ತಣ್ಣಗಾಯಿತು. ಸೆತ್ತಿಮಿಯೊ ಕಪಾಟು ತೆರೆದು ನೋಡಿದ. ಎರಡು ಬಾಟಲಿ ಉಳಿದಿದ್ದವು. ಈ ಎರಡಾದರೂ ಉಳಿಯದಿದ್ದರೆ ಕ್ಯಾಪ್ಟನ್ ಒಲಿಂದೊ ಹಾಗೇ ಎದ್ದು ಹೋಗುತ್ತಾರೆ, ಒರ್ನೆಲ್ಲಾ ಅಪ್ಪನ ಜೊತೆ ಹೋಗುತ್ತಾಳೆ, ತಾನು ಮುದುಕನಾಗುವ ತನಕ ಗುಂಡಿ ಇಲ್ಲದ ಅಂಗಿ ಹಾಕಿಕೊಂಡು ಮೊಟ್ಟೆ ಬೇಯಿಸುತ್ತ ಕೂತಿರಬೇಕು. ಇದೆಲ್ಲ ಕಣ್ಣ ಮುಂದೆ ಬಂದು ಅವನಿಗೆ ನಿಜವಾಗಿಯೂ ಅಳು ಬಂತು. ಒಂದು ಬಾಟಲಿಯನ್ನು ಕಪಾಟಿನಲ್ಲೇ ಬಿಟ್ಟು, ಇನ್ನೊಂದನ್ನು ಯಾರೂ ಹುಡುಕದ ಜಾಗ ಯಾವುದೆಂದು ಮನೆಯೆಲ್ಲ ತಿರುಗಿ, ಕೊನೆಗೆ ಬಟ್ಟೆ ಒಗೆಯುವ ಯಂತ್ರದೊಳಗೆ ಇಟ್ಟು ಬಾಗಿಲು ಹಾಕಿದ. ಹಾಕಿ, ಬೆಳಗಿನಿಂದ ಮೊದಲ ಬಾರಿಗೆ ತನ್ನ ಬುದ್ಧಿಗೆ ತಾನೇ ಬೆನ್ನು ತಟ್ಟಿಕೊಂಡ.

ಅತ್ತ ಇಗರ್ಜಿಯಲ್ಲಿ, ಮೂರು ಲೋಟದ ಉತ್ಸಾಹದಲ್ಲಿದ್ದ ದೋನ್ ಈವೊ ಪ್ರವಚನವನ್ನು ನಾಲ್ಕು ನಿಮಿಷಕ್ಕೆ ಮುಗಿಸಿ, “ನಮ್ಮ ಸೆತ್ತಿಮಿಯೊನಿಗೆ ಇವತ್ತು ಹೆಣ್ಣಿನ ಕಡೆಯವರು ಬರ್ತಿದಾರೆ, ಎಲ್ಲರೂ ಅವನಿಗಾಗಿ ಪ್ರಾರ್ಥಿಸಿ,” ಎಂದುಬಿಟ್ಟರು. ನಮ್ಮ ಜನಕ್ಕೆ ಪ್ರಾರ್ಥನೆ ಒಂದೇ ಸಾಲದು, ಮನೆಗೇ ಬಂದು ಹರಸಬೇಕು. ಸಂತ ಮಾರ್ತಿನನ ದಿನ ಹರಸಲು ಬಂದವರನ್ನು ಹೊಸ ವೈನಿನ ಒಂದು ಗುಟುಕು ಕೊಡದೆ ಕಳಿಸಿದರೆ ಆ ಮನೆಗೆ ಮುಂದಿನ ಬೆಳೆ ಇಲ್ಲ ಎನ್ನುವುದು ತಾತನ ಕಾಲದ ಮಾತು. ಹನ್ನೊಂದೂವರೆಗೆ ಸೆತ್ತಿಮಿಯೊ ಕಿಟಕಿಯಿಂದ ಇಣುಕಿದಾಗ ಇಡೀ ಇಗರ್ಜಿ ಅವನ ಬಾಗಿಲಲ್ಲಿ ಸಾಲು ನಿಂತಿತ್ತು. ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಲೋಟ.

“ಮನೆಯಿಂದ ಲೋಟ ತಂದೇ ಪೂಜೆಗೆ ಬಂದಿದ್ರಾ?” ಎಂದು ಅವನು ಕೇಳಿದ.

“ದೇವರ ದಯೆ ಯಾವಾಗ ಬರುತ್ತೋ ಯಾರಿಗೆ ಗೊತ್ತಪ್ಪ,” ಎಂದಳು ಮುಂದೆ ನಿಂತ ಅಜ್ಜಿ.

ನಲವತ್ತು ಗುಟುಕಿಗೆ ಕಪಾಟಿನ ಬಾಟಲಿ ಮುಗಿಯಿತು. ಜನ ಹರಸಿ, ಲೋಟ ನೆಕ್ಕಿ, ಅವನ ತಾಯಿಯ ಕಾಲದ ಬಿಳಿ ಮೇಜುಬಟ್ಟೆಯ ಮೇಲೆ ಕೈ ಒರೆಸಿಕೊಂಡು ಹೋದರು. ಸೆತ್ತಿಮಿಯೊ ಬೆವರೊರೆಸಿಕೊಂಡು, ಯಂತ್ರದೊಳಗಿನ ಒಂದನ್ನು ನೆನೆದು ಧೈರ್ಯ ತಂದುಕೊಂಡು, ಗಡ್ಡ ಹೆರೆಯಲು ಮೇಲಿನ ಕೋಣೆಗೆ ಹೋದ. ಒಂದು ಕೆನ್ನೆ ಮುಗಿದಿತ್ತು. ಕೆಳಗಿನಿಂದ ದೆರ್ನಕ್ಕನ ಧ್ವನಿ ಕೇಳಿಸಿತು.

“ಏನು ಕೊಳಕು ಮಾಡಿ ಹೋಗಿದಾರೋ ಸೆತ್ತಿಮಿಯೊ ಮೇಜುಬಟ್ಟೇನ! ಹೆಣ್ಣಿನ ಕಡೆಯೋರು ಏನಂದಾರು? ಒಂದು ಸಲ ತಿರುಗಿಸಿ ಕೊಡ್ತೀನಿ ಇರು!”

ಅವನಿಗೆ ಅರ್ಥವಾಗುವಷ್ಟರಲ್ಲಿ ಯಂತ್ರ ಗುರ್ರೆಂದಿತು, ದಡಬಡ ಎಂದಿತು, ಆಮೇಲೆ ಠಳ್ಳೆಂದಿತು. ಒಂದು ಕೆನ್ನೆಗೆ ಸೋಪು ಮೆತ್ತಿಕೊಂಡು ಮೆಟ್ಟಿಲಿಳಿದು ಓಡಿಬಂದ ಸೆತ್ತಿಮಿಯೊ ಯಂತ್ರದ ಗಾಜಿನ ಕಿಟಕಿಯಲ್ಲಿ ಕಂಡದ್ದು ನೇರಳೆ ಬಣ್ಣದ ಸಮುದ್ರ. ಅದರಲ್ಲಿ ತನ್ನ ತಾಯಿಯ ಮೇಜುಬಟ್ಟೆ ಸುಖವಾಗಿ ಈಜುತ್ತಿತ್ತು.

“ಇನ್ನೂ ಸೋಪಿನ ಪುಡಿ ಹಾಕಿರ್ಲಿಲ್ಲ,” ಎಂದಳು ದೆರ್ನಕ್ಕ ಸಣ್ಣ ದನಿಯಲ್ಲಿ. “ಯಂತ್ರದೊಳಗೆ ವೈನ್ ಇಡ್ತಾರೇನೋ ಯಾರಾದ್ರೂ?”

ಗಂಟೆ ಹನ್ನೆರಡೂವರೆ. ಆರು ಬಾಟಲಿಯೂ ಖಾಲಿ. ಮೇಜಿನ ಮೇಲೆ ಒಂದಲ್ಲ, ಮೂರು ಪದಾರ್ಥ. ಸೆತ್ತಿಮಿಯೊ ಕುರ್ಚಿಯಲ್ಲಿ ಕುಸಿದು, “ನನ್ನ ಬಾಳು ಹೋಯ್ತು,” ಎಂದು ಮುಖ ಮುಚ್ಚಿಕೊಂಡ.

ಅಷ್ಟರಲ್ಲಿ ಮರಳಿ ಬಂದಿದ್ದ ಕ್ವಿಂತೊ, ದೋನ್ ಈವೊ ಅವರಿಗೂ ದೆರ್ನಕ್ಕನಿಗೂ ಅವನನ್ನು ನೋಡಿ ಪಾಪ ಅನಿಸಿತು. ಕುಡಿದ ಬಾಯಲ್ಲಿ ಕರುಣೆ ಬೇಗ ಬರುತ್ತದೆ.

“ಅಳಬೇಡ,” ಎಂದ ಕ್ವಿಂತೊ. “ನಮ್ಮನೇಲಿ ಮೊಂತೆಪುಲ್ಚಾನೊ ಅಂತ ಕೆಂಪು ವೈನ್ ಇದೆ. ಬಣ್ಣಕ್ಕೇನೂ ಮೋಸ ಇಲ್ಲ.”

“ಅದಕ್ಕೆ ಘಮ ಎಲ್ಲಿಂದ ಬರುತ್ತೆ? ನನ್ನ ಹುಳಿ ಚೆರ್ರಿ ವೈನ್ ಒಂದು ಲೋಟ ಸೇರಿಸು,” ಎಂದಳು ದೆರ್ನಕ್ಕ.

“ಗುಲಾಬಿ ಬೇಕಲ್ಲ,” ಎಂದರು ದೋನ್ ಈವೊ. ಎದ್ದು ಹೋಗಿ, ಐದು ನಿಮಿಷದಲ್ಲಿ ಮಾತೆ ಮರಿಯಳ ಪಾದದ ಬಳಿಯ ಹೂದಾನಿಯಿಂದ ಎರಡು ಗುಲಾಬಿ ತಂದರು. “ತಾಯಿ ಬೇಡ ಅನ್ನಲಿಲ್ಲ,” ಎಂದು ದಳ ಕಿತ್ತು ಬಾಟಲಿಗೆ ತುರುಕಿ, ಕುಲುಕಿ, ಸೋಸಿದರು.

“ಇದು ಬೇಡ, ನಿಜ ಹೇಳಿಬಿಡೋಣ,” ಎನ್ನಬೇಕೆಂದು ಸೆತ್ತಿಮಿಯೊನಿಗೆ ಗಂಟಲ ತನಕ ಬಂದಿತ್ತು. ಮೂವರೂ ಅವನನ್ನೇ ನೋಡಿದರು.

“ಆಯ್ತು,” ಎಂದ.

ಮೇಜುಬಟ್ಟೆ ಅವನ ಮನೆಯಲ್ಲಿ ಇದ್ದದ್ದು ಅದೊಂದೇ. ದೆರ್ನಕ್ಕ ಗಾಜಿನ ಚೂರು ಕೊಡವಿ, ಹಿಂಡಿ, ಇಸ್ತ್ರಿ ಹಾಕಿ, “ನೇರಳೆ ಬಣ್ಣ ಈಗ ಫ್ಯಾಷನ್ನು,” ಎಂದು ಹಾಸಿದಳು.

ಒಂದು ಗಂಟೆಗೆ ಸರಿಯಾಗಿ ಕ್ಯಾಪ್ಟನ್ ಒಲಿಂದೊ ಬಂದರು. ಹೊಸ ಕಪ್ಪು ಸೂಟು, ಹಡಗಿನ ಹಗ್ಗದಂಥ ಮೀಸೆ, ಎರಡು ಕೈಯಲ್ಲೂ ಭದ್ರವಾಗಿ ಹಿಡಿದ ಬಟ್ಟೆ ಸುತ್ತಿದ ಪಾತ್ರೆ. ಹಿಂದೆ ಒರ್ನೆಲ್ಲಾ. ಅವಳು ಸೆತ್ತಿಮಿಯೊನ ಒಂದು ಕೆನ್ನೆ ನುಣ್ಣಗೆ, ಇನ್ನೊಂದು ಒರಟಾಗಿ ಇದ್ದದ್ದನ್ನು ನೋಡಿದಳು. ಮೂವರು ನೆರೆಯವರ ಕೆಂಪು ಮೂಗನ್ನೂ ನೋಡಿದಳು.

“ಇವರು ಯಾರು?” ಎಂದರು ಕ್ಯಾಪ್ಟನ್.

“ಸಾಕ್ಷಿಗಳು,” ಎಂದು ಕ್ವಿಂತೊ ಕೂತೇಬಿಟ್ಟ.

“ಒಂದೇ ಪದಾರ್ಥ ಅಂದಿದ್ದೆ.”

“ಯಾವ ಒಂದು ಅನ್ನೋದನ್ನ ನೀವೇ ಹೇಳ್ಲಿ ಅಂತ, ಯಜಮಾನ್ರೇ,” ಎಂದ ಸೆತ್ತಿಮಿಯೊ. ಬೆಳಗಿನಿಂದ ಅವನು ಆಡಿದ ಒಂದೇ ಜಾಣ ಮಾತು ಅದು.

ಕ್ಯಾಪ್ಟನ್ ಮೂರನ್ನೂ ಒಂದೊಂದು ತುತ್ತು ತಿಂದರು. ಮುಖದಲ್ಲಿ ಏನೂ ಕಾಣಲಿಲ್ಲ. ದೆರ್ನಕ್ಕ ಜಪಮಾಲೆ ಎಣಿಸಿದಳು. ಕ್ವಿಂತೊ ಉಗುರು ಕಚ್ಚಿದ. ಆಮೇಲೆ ಅವರು ಲೋಟ ಎತ್ತಿದರು. ಬೆಳಕಿಗೆ ಹಿಡಿದರು, ಮೂಸಿದರು, ಒಂದು ಗುಟುಕು ಕುಡಿದರು, ಕಣ್ಣು ಮುಚ್ಚಿದರು.

“ಚೆನ್ನಾಗಿದೆ,” ಎಂದರು.

ಸೆತ್ತಿಮಿಯೊನಿಗೆ ಹೋದ ಜೀವ ಬಂತು. ಅವನು ಮೇಜಿನ ಕೆಳಗೆ ಒರ್ನೆಲ್ಲಾಳ ಕೈ ಹುಡುಕಿ ಹಿಡಿದುಕೊಂಡ, ಆಮೇಲೆ ಅದು ದೋನ್ ಈವೊ ಅವರ ಕೈ ಎಂದು ತಿಳಿದು ಬಿಟ್ಟ. ಅಷ್ಟರಲ್ಲಿ ಕ್ಯಾಪ್ಟನ್ ಮೀಸೆ ಒರೆಸಿಕೊಳ್ಳಲು ಮೇಜುಬಟ್ಟೆಯ ಅಂಚನ್ನು ಎತ್ತಿದರು. ಎತ್ತಿದ ಕೈ ಹಾಗೇ ನಿಂತಿತು. ಅಂಚನ್ನು ಮೂಗಿಗೆ ತಂದರು. ಇನ್ನೊಂದು ಸಲ ಮೂಸಿದರು. ಆಮೇಲೆ ಎದ್ದು ನಿಂತು, ಬಗ್ಗಿ, ತಟ್ಟೆಗಳ ನಡುವೆ ಮೂಗಿಟ್ಟು ಮೇಜಿನ ಈ ತುದಿಯಿಂದ ಆ ತುದಿಯ ತನಕ ಮೂಸುತ್ತ ಹೋದರು.

“ಲೋಟದಲ್ಲಿರೋದು ಲಾಕ್ರಿಮಾ ಅಲ್ಲ,” ಎಂದರು. “ಲಾಕ್ರಿಮಾ ಇರೋದು ಈ ಬಟ್ಟೇಲಿ.”

ಕ್ವಿಂತೊ ತನ್ನ ಲೋಟವನ್ನು ಮೆಲ್ಲಗೆ ಮೊಲದ ತಟ್ಟೆಯ ಹಿಂದೆ ಸರಿಸಿದ.

“ಆದ್ರೂ ಲೋಟದಲ್ಲಿ ಗುಲಾಬಿ ಘಮ ಇದ್ದದ್ದು ನಿಜ ತಾನೆ?” ಎಂದು ದೋನ್ ಈವೊ ತಡೆಯಲಾರದೆ ಕೇಳಿದರು. “ನಾನೇ ಹಾಕಿದ್ದು.”

“ಸಿಹಿ ನನ್ನ ಚೆರ್ರೀದು,” ಎಂದಳು ದೆರ್ನಕ್ಕ.

“ಬಲ ಎಲ್ಲ ನನ್ನ ಮೊಂತೆಪುಲ್ಚಾನೋದು,” ಎಂದ ಕ್ವಿಂತೊ.

ಇನ್ನು ಮುಚ್ಚಿಡಲು ಏನೂ ಉಳಿಯಲಿಲ್ಲ. ಸೆತ್ತಿಮಿಯೊ ಎದ್ದು ನಿಂತು, ಬೆಳಗ್ಗೆ ಏಳರಿಂದ ನಡೆದದ್ದನ್ನೆಲ್ಲ ಹೇಳಿದ. ಯಾರ ಮೇಲೂ ತಪ್ಪು ಹೊರಿಸಲಿಲ್ಲ. ಎಲ್ಲ ಕಡೆಯೂ ‘ನಾನೇ ಆಯ್ತು ಅಂದೆ’ ಎಂದ. ಹೇಳಿ ಮುಗಿಸಿ ಕಣ್ಣೊರೆಸಿಕೊಂಡ.

ಕ್ಯಾಪ್ಟನ್ ಒಲಿಂದೊ ತಾವು ತಂದ ಪಾತ್ರೆಯ ಬಟ್ಟೆ ಬಿಚ್ಚಿ, ಮುಚ್ಚಳ ತೆಗೆದರು. ಹದಿಮೂರು ಬಗೆಯ ಮೀನಿನ ಕೆಂಪು ಸಾರು ಇನ್ನೂ ಹಬೆಯಾಡುತ್ತಿತ್ತು.

“ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಮಾಡಿದೀನಿ,” ಎಂದರು. ಅವರ ದನಿ ಒಡೆದಿತ್ತು. “ಈ ಸಾರು, ಲಾಕ್ರಿಮಾ. ನನ್ನ ಹೆಂಡ್ತಿ ಹೋದ ಮೇಲೆ ವರ್ಷಕ್ಕೊಂದು ಸಲ ಇದೊಂದೇ ಸುಖ. ಈ ವರ್ಷ ಅಂಕೋನಾ ತುಂಬ ಹುಡುಕಿದ್ರೂ ಒಂದು ಹನಿ ಸಿಗಲಿಲ್ಲ. ನಿನ್ನ ಹತ್ರ ಆರು ಬಾಟ್ಲಿ ಇದೆ ಅಂತ ತಿಳೀತು.”

“ಮತ್ತೆ… ಪರೀಕ್ಷೆ?” ಎಂದ ಸೆತ್ತಿಮಿಯೊ.

“ಯಾವ ಪರೀಕ್ಷೇನಯ್ಯ! ಊಟಕ್ಕೆ ಕರಿ, ವೈನ್ ತೆಗಿ ಅಂತ ಬಾಯಿ ಬಿಟ್ಟು ಕೇಳೋಕೆ ನಾಚಿಕೆ ಆಯ್ತು, ಅದಕ್ಕೊಂದು ನೆಪ. ಮದುವೆಗೆ ನಾನು ಆಗಸ್ಟಿನಲ್ಲೇ ಮನಸ್ಸಲ್ಲಿ ಒಪ್ಪಿದ್ದೆ. ಸೂಟು ಕೂಡ ಹೊಲಿಸಿ ಆಗಿದೆ, ನೋಡು.”

“ಅಪ್ಪಾ!” ಎಂದಳು ಒರ್ನೆಲ್ಲಾ. “ಅದು ನಿಮ್ಮ ಅಂತ್ಯಕ್ರಿಯೆಗೆ ಅಂತ ಹೊಲಿಸಿದ್ದು ಅಂದ್ರಲ್ಲ!”

“ಎರಡಕ್ಕೂ ಆಗುತ್ತೆ ಅಂತ ದರ್ಜಿ ಹೇಳಿದ.”

ದೆರ್ನಕ್ಕ ಚಪ್ಪಾಳೆ ತಟ್ಟಿದಳು. ಕ್ವಿಂತೊ ಪಾದ್ರಿಗಳನ್ನು ಅಪ್ಪಿಕೊಂಡು ಮೇಜಿನ ಸುತ್ತ ಒಂದು ಸುತ್ತು ಕುಣಿದ. ಸೆತ್ತಿಮಿಯೊ ಅಳುತ್ತಲೂ ನಗುತ್ತಲೂ ಒರ್ನೆಲ್ಲಾಳ ಕಡೆ ಓಡಿದ. ಅವಳು ಕೈ ಎತ್ತಿ ಅವನನ್ನು ನಿಲ್ಲಿಸಿದಳು.

“ಅಪ್ಪಂದಾಯ್ತು. ನಂದೊಂದು ಮಾತಿದೆ,” ಎಂದಳು. “ಆರು ಬಾಟ್ಲೀನ ಐದು ಗಂಟೆ ಹೊತ್ತು ಕಾಯೋಕೆ ನಿನ್ನಿಂದ ಆಗಲಿಲ್ಲ. ನಾಳೆ ನಾನೂ ಇದೇ ಮನೇಲಿ ಇರೋಳು. ಅದಕ್ಕೇ ಕೇಳ್ತಿದೀನಿ, ಯೋಚನೆ ಮಾಡಿ ಹೇಳು. ಮದುವೇನ ವಸಂತದಲ್ಲಿ ಬೇಡ, ಮುಂದಿನ ವರ್ಷದ ಸಂತ ಮಾರ್ತಿನನ ಹಬ್ಬದ ತನಕ ಮುಂದಕ್ಕೆ ಹಾಕೋಣ್ವಾ?”

ಅವಳ ಹಿಂದೆ ನಿಂತ ದೆರ್ನಕ್ಕ ತಲೆಯನ್ನು ಅತ್ತಿಂದಿತ್ತ ಜೋರಾಗಿ ಆಡಿಸಿದಳು. ಕ್ವಿಂತೊ ಬೆರಳು ಆಡಿಸಿದ. ದೋನ್ ಈವೊ ಕೈಮುಗಿದು, ಸದ್ದಿಲ್ಲದೆ ತುಟಿಯಲ್ಲೇ ‘ಇಲ್ಲ, ಇಲ್ಲ’ ಎಂದು ತೋರಿಸಿದರು. ಕ್ಯಾಪ್ಟನ್ ಕೂಡ ಮೀಸೆಯ ಮರೆಯಲ್ಲಿ ‘ಊಹೂಂ’ ಎಂದರು. ಸೆತ್ತಿಮಿಯೊ ಒರ್ನೆಲ್ಲಾಳ ಕಣ್ಣನ್ನೇ ನೋಡಿದ. ಆ ಕಣ್ಣು ಏನು ಕೇಳಿದರೂ ಕೊಡಬೇಕೆನಿಸಿತು.

“ಆಯ್ತು,” ಎಂದ.

ಒರ್ನೆಲ್ಲಾ ಕೋಟು ತೊಟ್ಟುಕೊಂಡಳು.

“ಇದಕ್ಕೊಂದಕ್ಕಾದ್ರೂ ಇಲ್ಲ ಅಂತೀಯೇನೋ ಅಂತ ಕೇಳಿದೆ ಕಣೋ ಪೆದ್ದೇ,” ಎಂದಳು. ಅವಳ ಕಣ್ಣೂ ಒದ್ದೆಯಾಗಿತ್ತು. “ಕಲ್ತಿರು. ಮುಂದಿನ ಹಬ್ಬಕ್ಕೆ ಬಂದು ಮತ್ತೆ ಕೇಳ್ತೀನಿ.”

ಕ್ಯಾಪ್ಟನ್ ಬಾಗಿಲಲ್ಲಿ ತಡೆದು ನಿಂತರು. “ಅಳಿಯಂದ್ರೇ, ತಪ್ಪು ತಿಳೀಬೇಡಿ. ಸಾರು ಹಾಗೇ ಉಳಿದಿದೆ. ಆ ಮೇಜುಬಟ್ಟೆ ಎದುರಿಗೆ ಇಟ್ಕೊಂಡಾದ್ರೂ ಉಣ್ತೀನಿ. ತಗೊಂಡು ಹೋಗ್ಲಾ?”

“ಆಯ್ತು,” ಎಂದ ಸೆತ್ತಿಮಿಯೊ. ಅವನ ತಾಯಿಯ ಮೇಜುಬಟ್ಟೆಯೂ ಮಡಿಸಿಕೊಂಡು ಹೋಯಿತು.

ಅಪ್ಪ ಮಗಳನ್ನು ಹತ್ತಿಸಿಕೊಂಡ ಅಂಕೋನಾದ ಬಸ್ಸು ಊರಬಾಗಿಲು ದಾಟಿ ಇಳಿಜಾರಿನಲ್ಲಿ ಹೊರಟ ಮೇಲೆ ಅವನಿಗೆ ನಡೆದದ್ದೇನೆಂದು ಪೂರ್ತಿ ಹೊಳೆಯಿತು. ಮಾತು ಆಡಿದರೆ ಹೋಯಿತು. ಆದರೂ ಅವನು ಬೀದಿಗೆ ಹಾರಿ, ಬಸ್ಸಿನ ಹಿಂದೆ ಓಡುತ್ತ, ಇಷ್ಟು ವರ್ಷ ಹೊಟ್ಟೆಯಲ್ಲಿ ಕೂಡಿಟ್ಟಿದ್ದನ್ನೆಲ್ಲ ಒಟ್ಟಿಗೆ ಹೊರಗೆ ಹಾಕಿದ. “ಇಲ್ಲ! ಇಲ್ಲ! ಇಲ್ಲ!” ಗುಡ್ಡ ಎಲ್ಲ ಪ್ರತಿಧ್ವನಿಸಿತು. ಬಸ್ಸು ತಿರುವಿನಲ್ಲಿ ಮರೆಯಾಯಿತು.

ಅವನ ಹಿಂದೆ ಏದುಸಿರು ಬಿಡುತ್ತ ಓಡಿಬಂದ ದೆರ್ನಕ್ಕ ಅವನ ಭುಜ ಹಿಡಿದಳು. ಬೆಳಗಿನಿಂದ ಅವಳ ಎದೆಯಲ್ಲಿ ಕುದಿಯುತ್ತಿದ್ದ ಪ್ರಶ್ನೆ ಒಂದೇ.

“ಹೋಗ್ಲಿ ಬಿಡು ಕಣೋ. ಈಗ ನಿಜ ಹೇಳು. ಮೂರರಲ್ಲಿ ನನ್ನ ವಿಂಚಿಸ್‌ಗ್ರಾಸೀನೇ ತಾನೆ ಚೆನ್ನಾಗಿದ್ದದ್ದು?”

“ಇಲ್ಲ!” ಎಂದು ಸೆತ್ತಿಮಿಯೊ ಬಸ್ಸು ಹೋದ ದಿಕ್ಕಿಗೆ ಕೂಗಿದ.

ದೆರ್ನಕ್ಕ ಕೈ ಹಿಂದಕ್ಕೆ ತೆಗೆದುಕೊಂಡಳು. ಮನೆಗೆ ಹೋಗಿ, ಸೂಪು ದಾಟಿಸುವ ಆ ಕಿಟಕಿಯನ್ನು ಧಡಾರನೆ ಮುಚ್ಚಿ, ಒಳಗಿನಿಂದ ಚಿಲಕ ಹಾಕಿದಳು.

ಸಂಜೆ ಸೆತ್ತಿಮಿಯೊ ಬರಿಯ ಮೇಜಿನ ಪಕ್ಕದ ಒಲೆ ಹಚ್ಚಿ, ಎರಡು ಮೊಟ್ಟೆ ಬೇಯಲು ಇಟ್ಟ. ಬಾಗಿಲು ತಟ್ಟಿದ ಸದ್ದಾಯಿತು. ಕ್ವಿಂತೊ ತಲೆ ಒಳಗೆ ತೂರಿಸಿದ.

“ಒಬ್ನೇ ಉಣ್ತಿದೀಯಾ? ನಾನೂ ಬರ್ಲೇನಯ್ಯ?”

“ಆಯ್ತು,” ಎಂದು ಸೆತ್ತಿಮಿಯೊ ಇನ್ನೆರಡು ಮೊಟ್ಟೆ ಪಾತ್ರೆಗೆ ಹಾಕಿದ.